ಧನಮಾಯಾಳ ಒಲೆ ಮತ್ತು ಅಪ್ಪಣ್ಣನ ಹೋಟ್ಲು

ಅಥವಾ ಧನಮಾಯಾಳ ಮನೆಯ ಆ ಬಾಗಿಲು ಹಸಿರು ಬಣ್ಣದ್ದೇ ಆಗಿತ್ತೇನೋ. ಇಷ್ಟು ದಿನ ನೀಲಿ ಎಂದು ಹೇಳಿಕೊಂಡು ಬಂದಿದ್ದೇನೆ, ನೆಂಟರಿಗೆಲ್ಲ ನೀಲಿ ಎಂದೇ ವರ್ಣಿಸಿದ್ದೇನೆ. ಮೊನ್ನೆ ಅರಕಲಗೂಡಿನ ಕಾಳೇಗೌಡರು ಸಿಕ್ಕಾಗ, ಅಲ್ಲಿ ಬಾಗಿಲೇ ಇರಲಿಲ್ಲ, ಕಂಬಳಿ ಇಳಿಬಿಟ್ಟಿದ್ದರು ಎಂದರು. ನನ್ನ ತಂಗಿ ಮಂಗಳಳನ್ನು ಕೇಳಿದರೆ, ಆ ಹೊಗೆಯಲ್ಲಿ ಬಾಗಿಲು ಯಾರು ನೋಡಿದರು ಎಂದಳು. ಮೂವರೂ ಒಂದೇ ಮನೆಯಲ್ಲಿ ಇಳಿದುಕೊಂಡಿದ್ದವರು. ಹೀಗಾಗಿ ಮುಂದೆ ಬರೆಯುವುದನ್ನು ನನ್ನ ನೆನಪು ಎಂದಷ್ಟೇ ಓದಿಕೊಳ್ಳಬೇಕು. ನಡೆದದ್ದು ಬೇರೆ ಇದ್ದರೂ ಇರಬಹುದು.

ಮೂವರೂ ಒಪ್ಪುವ ಸಂಗತಿ ಇಷ್ಟು. ನೇಪಾಳದಲ್ಲಿ ಮುಕ್ತಿನಾಥಕ್ಕೆ ಹೋಗುವ ದಾರಿಯಲ್ಲಿ ಗುಡ್ಡ ಕುಸಿದು, ನಾವು ಒಂದು ಹಳ್ಳಿಯ ತಂಗುಮನೆಯಲ್ಲಿ ಸಿಕ್ಕಿಕೊಂಡೆವು. ಆ ಮನೆಯ ಯಜಮಾನಿಯ ಹೆಸರು ಧನಮಾಯಾ. ನಾವು ಅಲ್ಲಿಂದ ಹೊರಡುವ ಹೊತ್ತಿಗೆ ಶಾಂತಿಗ್ರಾಮದಲ್ಲಿ ಬೀಗ ಹಾಕಿದ್ದ ಒಂದು ಹೋಟೆಲಿನ ಗತಿ ಬದಲಾಗಿತ್ತು.

ಗಡಿಯಲ್ಲಿ

ನೇಪಾಳವನ್ನು ವಿದೇಶ ಎನ್ನಬಹುದೇ ಎಂಬ ಚರ್ಚೆ ಹಾಸನದಲ್ಲಿ ರೈಲು ಹತ್ತಿದಾಗಲೇ ಶುರುವಾಗಿತ್ತು. ಪಾಸ್‌ಪೋರ್ಟ್ ಬೇಕಿಲ್ಲ, ಮತದಾರರ ಗುರುತಿನ ಚೀಟಿ ಸಾಕು. ಕಾಳೇಗೌಡರಿಗೆ ಇದು ದೊಡ್ಡ ನಿರಾಸೆ. ಆಲೂಗಡ್ಡೆ, ಶುಂಠಿ ಬೆಳೆಯುವ ಈ ಮನುಷ್ಯ ಪ್ರವಾಸಕ್ಕೆಂದೇ ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡು ಬಂದಿದ್ದರು. ಗಡಿಯ ಪೊಲೀಸಿನವನ ಮುಂದೆ ಅದನ್ನು ಬಿಡಿಸಿ ಹಿಡಿದು, ಒಂದು ಮುದ್ರೆ ಒತ್ತಪ್ಪಾ ಎಂದು ಕನ್ನಡದಲ್ಲೇ ಕೇಳಿಕೊಂಡರು. ಅವನು ಕೈಬೀಸಿ ಮುಂದೆ ಸಾಗಹಾಕಿದ.

"ಇದ್ಯಾವ ಸೀಮೆ ಫಾರಿನ್ನು ಸಾ? ಚನ್ರಾಯಪಟ್ಣದ ಬಸ್‌ಸ್ಟ್ಯಾಂಡ್ ದಾಟ್ದಂಗೈತೆ" ಎಂದರು ನನಗೆ.

ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ಅಷ್ಟಕ್ಕೆಲ್ಲ ಮುಳ್ಳು ತಿರುಗಿಸಲು ಕಾಳೇಗೌಡರು ಒಪ್ಪಲಿಲ್ಲ. ಪ್ರವಾಸ ಪೂರ್ತಿ ಅವರು ಅರಕಲಗೂಡಿನ ಹೊತ್ತಿನಲ್ಲೇ ಬದುಕಿದರು. ಬಸ್ಸು ಹೊರಡುವಾಗೆಲ್ಲ ನಾವು ಅವರಿಗಾಗಿ ಕಾಯುತ್ತಿದ್ದೆವು.

ಪ್ರವಾಸ ಏರ್ಪಡಿಸಿದವರು ಚನ್ನರಾಯಪಟ್ಟಣದ ಮಂಜಣ್ಣ. ಅವರ ಲೆಕ್ಕಾಚಾರ ಸರಳ. ಪಶುಪತಿನಾಥ ಶಿವನ ಕಡೆಯವರಿಗೆ, ಮುಕ್ತಿನಾಥ ನಾಮದ ಕಡೆಯವರಿಗೆ. ಅಡಿಗೆಯವರು, ಸೋನಾಮಸೂರಿ ಅಕ್ಕಿ, ಬೇಳೆ, ಗ್ಯಾಸ್ ಸಿಲಿಂಡರು ಎಲ್ಲ ಬೇರೆ ಗಾಡಿಯಲ್ಲಿ ನಮ್ಮ ಹಿಂದೆ ಬರುತ್ತಿತ್ತು. ಹಿಮಾಲಯ ನೋಡಲು ಹೋದವರು ಹಿಮಾಲಯದ ಒಂದು ತುತ್ತನ್ನೂ ತಿನ್ನದೆ ವಾಪಸಾಗುವಂಥ ಪಕ್ಕಾ ಏರ್ಪಾಡು.

ನಾನು ಹೊರಟದ್ದು ಮಂಗಳಳ ಜೊತೆಗೆಂದು. ನಮ್ಮದು ಹೊಳೆನರಸೀಪುರ, ಅವಳನ್ನು ಕೊಟ್ಟದ್ದು ಶಾಂತಿಗ್ರಾಮಕ್ಕೆ. ಅವಳ ಗಂಡನ ಮನೆಯವರದು ಚನ್ನರಾಯಪಟ್ಟಣದ ರಸ್ತೆಯಲ್ಲಿ ಒಂದು ಹೋಟೆಲು. ಬೋರ್ಡಿನ ಮೇಲೆ ದೇವರ ಹೆಸರಿತ್ತು. ಜನ ಕರೆಯುತ್ತಿದ್ದದ್ದು ಅಪ್ಪಣ್ಣನ ಹೋಟ್ಲು ಎಂದು. ಅಪ್ಪಣ್ಣ ಅವಳ ಗಂಡ ನಂಜುಂಡಪ್ಪನ ತಾತ. ಗಾಡಿ ಹೊಡೆಯುವವರಿಗೆ, ಆಮೇಲೆ ಲಾರಿಯವರಿಗೆ ಅಲ್ಲಿ ಊಟ. ಊಟ ಮಾಡಿದವರು ಜಗಲಿಯಲ್ಲಿ ಮಲಗಿದರೆ ಅದಕ್ಕೆ ಬೇರೆ ಕಾಸಿಲ್ಲ. ನಂಜುಂಡಪ್ಪ ತೀರಿಹೋದ ಮೇಲೆ ಹೋಟೆಲಿಗೆ ಬೀಗ ಬಿದ್ದಿತ್ತು. ಮೈದುನ ಮಹೇಶ ಆ ಕಟ್ಟಡವನ್ನು ಟೈರ್ ಅಂಗಡಿಯವನಿಗೆ ಕೊಡಿಸಲು ಮಾತಾಡಿದ್ದ. ಅವನು ಕೆಟ್ಟವನಲ್ಲ. ಖಾಲಿ ಬಿದ್ದ ಕಟ್ಟಡ ಹಾಳಾಗುತ್ತದೆ ಎಂಬುದು ಅವನ ಚಿಂತೆ. ಮಂಗಳ ಹೂಂ ಎನ್ನುವುದೊಂದೇ ಬಾಕಿ ಇತ್ತು. ಪಶುಪತಿನಾಥನಿಗೆ ಕೈಮುಗಿದು ಬಂದು ಹೇಳುತ್ತೇನೆ ಎಂದು ಅವಳು ಹೊರಟು ಬಂದಿದ್ದಳು. ಕಾಠ್ಮಂಡುವಿನಲ್ಲಿ ಕೈಮುಗಿದದ್ದೂ ಆಯಿತು. ಹೂಂ ಎನ್ನುವುದು ಮಾತ್ರ ಇನ್ನೂ ಬಾಕಿಯೇ ಇತ್ತು.

ಹೆಸರು ಮರೆತ ಹಳ್ಳಿ

ಪೋಖರಾದಲ್ಲಿ ಬಸ್ಸಿಳಿದು ಜೀಪು ಹತ್ತಿ, ಬೇನಿ ದಾಟಿ, ನದಿಯ ಪಕ್ಕದ ರಸ್ತೆಯಲ್ಲಿ ಒಂದು ಹಗಲು ಕುಲುಕಾಡಿದ ಮೇಲೆ ನಮ್ಮ ಜೀಪುಗಳು ನಿಂತವು. ಗುಡ್ಡದ ಒಂದು ಪಕ್ಕೆ ರಸ್ತೆಯ ಮೇಲೆ ಕೂತಿತ್ತು. ನಿಜ ಹೇಳಬೇಕೆಂದರೆ ಅದು ಕೂತದ್ದು ನಮ್ಮ ಹಿಂದೆ. ನಾವು ದಾಟಿದ್ದೆವು, ಅಡಿಗೆ ಗಾಡಿ ದಾಟಿರಲಿಲ್ಲ. ಮುಂದೆಯೂ ಇನ್ನೊಂದು ಕಡೆ ಕುಸಿದಿದೆ ಎಂದು ಸುದ್ದಿ ಬಂತು. ಸೋನಾಮಸೂರಿ ಆ ಕಡೆ, ನಾವು ಈ ಕಡೆ. ಮಂಜಣ್ಣನ ಮುಖ ನೋಡುವ ಹಾಗಿರಲಿಲ್ಲ.

ಹಳ್ಳಿಯ ಹೆಸರು ನನಗೆ ನೆನಪಿಲ್ಲ. ಬರೆದಿಟ್ಟುಕೊಳ್ಳಬಹುದಿತ್ತು, ಬರೆಯಲಿಲ್ಲ. ಚಪ್ಪಟೆ ಮಾಳಿಗೆಯ ಕಲ್ಲಿನ ಮನೆಗಳು, ಮಾಳಿಗೆಯ ಅಂಚಿಗೆ ಗೋಡೆಯಂತೆ ಜೋಡಿಸಿದ ಸೌದೆ, ಅಂಗಳದಲ್ಲಿ ಸೇಬಿನ ರಾಶಿ. ಮಧ್ಯಾಹ್ನವಾದರೆ ಎದ್ದು ನಿಲ್ಲಲು ಬಿಡದ ಗಾಳಿ. ಮನೆಯೊಳಗೆ ಕಾಲಿಟ್ಟ ತಕ್ಷಣ ಧನಮಾಯಾ ಮಾಡಿದ ಮೊದಲ ಕೆಲಸ ನಮ್ಮ ಪಾದಗಳನ್ನು ನೋಡಿದ್ದು. ಚಪ್ಪಲಿ ಹೊರಗೆ ಬಿಟ್ಟಿದ್ದೆವು. ಅವಳಿಗೆ ಸಮಾಧಾನವಾಯಿತು, ಮಂಗಳಳಿಗೂ ಆಯಿತು. ಇಬ್ಬರೂ ಒಬ್ಬರನ್ನೊಬ್ಬರು ಒಂದೇ ಕಸುಬಿನವರು ಗುರುತಿಸುವಂತೆ ಗುರುತಿಸಿದರು. ಇಲ್ಲ, ಇದನ್ನು ನಾನು ಆಮೇಲೆ ಸೇರಿಸಿರಬೇಕು. ಆಗ ನಾನು ಚಳಿಗೆ ನಡುಗುತ್ತಿದ್ದೆ, ಯಾರನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ.

ಒಲೆ ಇದ್ದದ್ದು ಮನೆಯ ನಡುವೆ. ಇದನ್ನು ಮಾತ್ರ ಖಂಡಿತವಾಗಿ ಹೇಳುತ್ತೇನೆ. ನಮ್ಮ ಕಡೆ ಹೋಟೆಲಿನ ಒಲೆ ಹಿಂದಿರುತ್ತದೆ, ಗಿರಾಕಿ ಮುಂದಿರುತ್ತಾನೆ. ಇಲ್ಲಿ ಒಲೆಯ ಸುತ್ತ ತಗ್ಗಾದ ಮಣೆಗಳು, ಅವುಗಳ ಮೇಲೆ ದಾರಿಹೋಕರು. ಹೇಸರಗತ್ತೆ ಹೊಡೆಯುವವರು, ಜೀಪಿನ ಡ್ರೈವರುಗಳು, ಊರಿನ ಮುದುಕರು, ನಾವು. ಗೋಡೆಯ ತುಂಬ ಬೆಳಗಿಟ್ಟ ಹಿತ್ತಾಳೆ ಪಾತ್ರೆ. ಒಲೆಯ ಮೇಲುಗಡೆ ತಂತಿಯಲ್ಲಿ ಏನೋ ಒಣಗಲು ಕಟ್ಟಿದ್ದರು.

"ಅದೇನ್ ಗೌಡ್ರೇ, ಮೇಲೆ ನೇತಾಕಿರೋದು?" ಎಂದಳು ಮಂಗಳ.

"ಮೆಣಸಿನಕಾಯಿ ಕಣಕ್ಕ."

"ಅಷ್ಟು ದಪ್ಪ?"

"ಈ ಕಡೆ ತಳಿನೇ ಅಂಗೆ."

ಅದು ಮಾಂಸ ಎಂದು ವಾಸನೆಯಲ್ಲೇ ಗೊತ್ತಾಗಿತ್ತು, ಆದರೆ ಗೌಡರು ಅಷ್ಟು ಕಷ್ಟಪಟ್ಟು ಸುಳ್ಳು ಹೇಳುತ್ತಿದ್ದಾಗ ಬೇಜಾರು ಮಾಡುವುದೇಕೆಂದು ಸುಮ್ಮನಾದೆ ಎಂದು ಅವಳು ನನಗೆ ಹೇಳಿದ್ದು ವಾಪಸು ಬರುವ ರೈಲಿನಲ್ಲಿ. ನಮಗೆ ಬೇರೆ ಪಾತ್ರೆಯಲ್ಲಿ ಮಾಡಿಕೊಡಲು ಮಂಜಣ್ಣ ಧನಮಾಯಾಳನ್ನು ಒಪ್ಪಿಸಿದರು. ಅವಳು ಪಾತ್ರೆಯನ್ನು ನಮ್ಮೆದುರೇ ಬೂದಿ ಹಾಕಿ ಉಜ್ಜಿ ತೋರಿಸಿದಳು.

ಸಟ್ಟುಗ

ಮಂಗಳ ಮೂಲೆಯಲ್ಲಿ ಲಿಂಗಪೂಜೆ ಮುಗಿಸಿ ಬಂದು ಕೂತಾಗ ಧನಮಾಯಾ ಕಬ್ಬಿಣದ ಬಾಣಲೆಯಲ್ಲಿ ಕಪ್ಪು ಹಿಟ್ಟು ತಿರುವುತ್ತಿದ್ದಳು. ಕಾಳೇಗೌಡರು ಬಗ್ಗಿ ನೋಡಿದರು. ಅವರ ಮುಖ ಅರಳಿತು.

"ರಾಗಿ ಸಾ. ರಾಗಿನೇ."

ರಾಗಿಯೋ, ರಾಗಿಗೆ ಇನ್ಯಾವುದೋ ಹಿಟ್ಟು ಬೆರೆಸಿದ್ದೋ. ಅವರು ಅದನ್ನು ಢಿಂಡೋ ಎನ್ನುತ್ತಾರೆ. ಉಂಡೆ ಕಟ್ಟುವುದಿಲ್ಲ. ಸಡಿಲವಾಗಿ ತಿರುವಿ ತಟ್ಟೆಗೆ ಗುಪ್ಪೆ ಹಾಕುತ್ತಾರೆ. ಮಂಗಳ ನೋಡುತ್ತಿದ್ದಳು. ಹಿಟ್ಟಿನಲ್ಲಿ ಗಂಟುಗಳು ಏಳುತ್ತಿದ್ದವು. ಅವಳ ಬೆರಳು ಮಡಿಲಲ್ಲೇ ಆಡಿತು. ಮುದ್ದೆ ತಿರುವುವವರ ಎದುರು ಇನ್ನೊಬ್ಬರು ಹಿಟ್ಟನ್ನು ಗಂಟು ಗಂಟಾಗಲು ಬಿಟ್ಟು ಕೂತರೆ ನಮ್ಮ ಸೀಮೆಯ ಹೆಂಗಸು ಎಷ್ಟು ಹೊತ್ತು ತಡೆದಾಳು? ಅವಳು ಎದ್ದಳು. "ಕೊಡವ್ವ ಇಲ್ಲಿ, ಸತ್ತೋಯ್ತಾ ಐತೆ ಹಿಟ್ಟು" ಎಂದು ಧನಮಾಯಾಳ ಕೈಯಿಂದ ಮರದ ಸಟ್ಟುಗವನ್ನು ತೆಗೆದುಕೊಂಡೇಬಿಟ್ಟಳು.

ಮುದುಕರಲ್ಲಿ ಒಬ್ಬ ಬಾಯಿಂದ ಬೀಡಿ ತೆಗೆದ. ಧನಮಾಯಾ ಕೈ ಒರೆಸಿಕೊಂಡು, ಒಲೆಯ ಪಕ್ಕದ ತನ್ನ ಜಾಗ ಬಿಟ್ಟು ಎದ್ದು ಬಂದು, ಡ್ರೈವರುಗಳ ನಡುವೆ ಗಿರಾಕಿಯ ಹಾಗೆ ಕೂತಳು. ತಟ್ಟೆಯನ್ನು ಮುಂದೆ ತಳ್ಳಿದಳು. ಎಲ್ಲರೂ ನಕ್ಕರು.

ಏನಾಯಿತೆಂದು ಮಂಜಣ್ಣ ಕೇಳಿ ತಿಳಿದುಕೊಂಡು ಬಂದು ಹೇಳಿದರು. ಈ ಮನೆಯಲ್ಲಿ ಒಂದು ನೇಮವಿದೆಯಂತೆ. ಯಜಮಾನಿಯನ್ನು ಕೇಳದೆ ಸಟ್ಟುಗ ಯಾರು ಹಿಡಿಯುತ್ತಾರೋ ಆ ಸಂಜೆಯ ಯಜಮಾನಿ ಅವರೇ. ಬಂದವರಿಗೆಲ್ಲ ಬಡಿಸಿ ಮುಗಿಸುವ ತನಕ ಒಲೆ ಬಿಟ್ಟು ಏಳುವಂತಿಲ್ಲ.

"ಮಂಗಳಕ್ಕ, ಸಾರಿ ಕೇಳ್ಬುಡಿ, ಬುಟ್ಬುಡ್ತಾರೆ" ಎಂದರು ಮಂಜಣ್ಣ.

ಮಂಗಳ ಆಗಲೇ ಬಾಣಲೆಯನ್ನು ಕಾಲಿನಿಂದ ಒತ್ತಿಹಿಡಿಯಲು ಆಗುತ್ತದೆಯೇ ಎಂದು ನೋಡುತ್ತಿದ್ದಳು. ಪಾತ್ರೆ ಅಲುಗದಂತೆ ಒತ್ತಿಹಿಡಿಯುವ ಕವೆಗೋಲು ಬೇಕಿತ್ತು. ಒಬ್ಬ ಡ್ರೈವರ್ ಬಾಣಲೆಯನ್ನು ಇಕ್ಕಳದಲ್ಲಿ ಹಿಡಿದುಕೊಟ್ಟ.

ಮೊದಲ ಮುದ್ದೆ ಕೆಟ್ಟಿತು. ಆ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಹಿಟ್ಟು ಬೇಯುವುದಿಲ್ಲ. ಧನಮಾಯಾ ಉಂಡೆಯನ್ನು ಮುರಿದು, ಒಳಗಿನ ಹಸಿಯನ್ನು ಬೆರಳಲ್ಲಿ ತೋರಿಸಿ, ತಟ್ಟೆಯನ್ನು ವಾಪಸು ಕೊಟ್ಟಳು. ಮಂಗಳಳ ಕಿವಿ ಕೆಂಪಾಯಿತು. ಎರಡನೆಯದನ್ನು ಮುಚ್ಚಿಟ್ಟು ಬಹಳ ಹೊತ್ತು ಬೇಯಿಸಿದಳು. ಅಲ್ಲಿಯ ಕಪ್ಪು ಬೇಳೆಯ ತೊವ್ವೆಗೆ ತನ್ನ ಕೈಚೀಲದ ಹುರುಳಿ ಚಟ್ನಿಪುಡಿ ಸುರಿದು ಕದಡಿದಳು. ಗಾಳಿ ಏರಿದಂತೆ ದಾರಿಯಲ್ಲಿ ಸಿಕ್ಕಿಕೊಂಡವರು ಇನ್ನೂ ಇನ್ನೂ ಬಂದರು. ಅವಳು ತಿರುವಿದಳು, ಕಟ್ಟಿದಳು, ಕೊಟ್ಟಳು. ಕಾಳೇಗೌಡರು ಅಗಿಯದೆ ನುಂಗುವುದು ಹೇಗೆಂದು ಊರವರಿಗೆ ಪಾಠ ಮಾಡಿದರು. ಹೇಸರಗತ್ತೆಯವನೊಬ್ಬ ನುಂಗಲು ಹೋಗಿ ಕೆಮ್ಮಿ ಕಣ್ಣೀರು ಸುರಿಸಿದ. ಆಮೇಲೆ ಇನ್ನೊಂದು ಕೇಳಿದ.

ಎಲ್ಲ ಮುಗಿದ ಮೇಲೆ ಅವಳು ನನ್ನ ಪಕ್ಕ ಬಂದು ಕೂತಳು.

"ಅಣ್ಣ, ಆ ಕರೀ ಟೋಪಿ ಡ್ರೈವರ್ರು ಉಣ್ಣುವಾಗ ಕಣ್ ಮುಚ್ಕಂಡ. ನೋಡ್ದ್ಯಾ?"

ನಾನು ನೋಡಿರಲಿಲ್ಲ.

"ನಾನು ಇಷ್ಟ್ ವರ್ಷ ಬೇಯ್ಸಿದೀನಿ. ಯಾರ್ ಉಂಡ್ರು, ಎಂಗ್ ಉಂಡ್ರು, ಒಂದ್ ದಿನ ಕಂಡೋಳಲ್ಲ."

ಆಗ ನನಗೆ ಆ ಕಿಂಡಿ ನೆನಪಿಗೆ ಬಂತು. ಅಪ್ಪಣ್ಣನ ಹೋಟ್ಲಿನಲ್ಲಿ ಅಡಿಗೆಮನೆಗೂ ಮುಂದಿನ ಹಾಲಿಗೂ ನಡುವೆ ಒಂದು ಗೋಡೆ. ಗೋಡೆಯಲ್ಲಿ ತಟ್ಟೆ ಹಿಡಿಸುವಷ್ಟು ಕಿಂಡಿ. ಹೆಂಗಸರು ಒಳಗೆ, ಗಂಡಸು ಹೊರಗೆ ಗಲ್ಲಾದಲ್ಲಿ. ತುಂಬಿದ ತಟ್ಟೆ ಕಿಂಡಿಯಿಂದ ಹೊರಗೆ ಹೋಗುತ್ತಿತ್ತು, ಖಾಲಿ ತಟ್ಟೆ ಕಿಂಡಿಯಿಂದ ಒಳಗೆ ಬರುತ್ತಿತ್ತು. ನಾನು ಅಲ್ಲಿ ಎಷ್ಟೋ ಸಲ ಉಂಡಿದ್ದೇನೆ. ಗೋಡೆಯ ಆಚೆ ನನ್ನ ತಂಗಿ ನಿಂತಿದ್ದಾಳೆ ಎಂದು ಗೊತ್ತಿತ್ತು. ನನಗೆ ಕಂಡದ್ದು ಅವಳ ಬಳೆ ಮಾತ್ರ.

ಎರಡು ವಂಶಾವಳಿ

ಮಾರನೆಯ ದಿನವೂ ದಾರಿ ಬಿಡಲಿಲ್ಲ. ಬಿಸಿಲಿಗೆ ಮಾಳಿಗೆ ಹತ್ತಿ ಕೂತು ಮಂಗಳ ಧನಮಾಯಾಳ ಜೊತೆ ಸೇಬು ಹೆಚ್ಚಿದಳು. ಒಬ್ಬಳದು ನೇಪಾಳಿ ಬೆರೆತ ಹಿಂದಿ, ಇನ್ನೊಬ್ಬಳದು ಬರೀ ಕನ್ನಡ. ನಡುವೆ ಮಂಜಣ್ಣ. ಮಂಜಣ್ಣನ ಅನುವಾದದಲ್ಲಿ ಒಂದು ತೊಂದರೆ ಇತ್ತು. ಧನಮಾಯಾ ಕೈಯಾಡಿಸುತ್ತ, ದನಿ ಏರಿಸಿ ಇಳಿಸಿ, ಕಣ್ಣೊರೆಸಿಕೊಂಡು ದೊಡ್ಡ ಕಥೆ ಹೇಳುವಳು. ಮಂಜಣ್ಣ, "ಚೆನ್ನಾಗ್ ನಡೀತಿತ್ತಂತೆ" ಎನ್ನುವರು.

"ಅಷ್ಟೇನಾ ಮಂಜಣ್ಣ?" ಎಂದು ನಾನು ಕೇಳಿದರೆ, "ಮಿಕ್ಕಿದ್ದು ಹೆಂಗಸ್ರ ಸಮಾಚಾರ ಸಾ" ಎನ್ನುವರು.

ಹೀಗೆ ಸೋರಿ ಉಳಿದದ್ದರಿಂದ ಆ ಮನೆಯ ಚರಿತ್ರೆಯನ್ನು ನಾನು ಜೋಡಿಸಿಕೊಂಡೆ. ಟಿಬೆಟ್ಟಿನ ಉಪ್ಪು ಈ ದಾರಿಯಲ್ಲಿ ಇಳಿಯುತ್ತಿದ್ದ ಕಾಲದಲ್ಲಿ, ಉಪ್ಪು ಹೊತ್ತವರಿಗೆ ಬೆಂಕಿ ಕೊಡಲು ಒಬ್ಬ ಹೆಂಗಸು ಇಲ್ಲಿ ಒಲೆ ಹೂಡಿದಳು. ಊಟಕ್ಕೆ ಕಾಸು, ಮಲಗುವುದು ಪುಕ್ಕಟೆ. ಅವಳ ನಂತರ ಅವಳ ಸೊಸೆ. ಈ ಸೊಸೆಗೆ ಬಾಯಿ ಜೋರು, ಕೈ ಧಾರಾಳ. ಅವಳ ನಂತರ ಬಂದವಳು, ಬೂಟು ತೆಗೆಯದೆ ಒಳಗೆ ಬಂದ ದೊಡ್ಡ ಅಧಿಕಾರಿಯೊಬ್ಬನನ್ನು ಗಾಳಿಯಲ್ಲೇ ನಿಲ್ಲಿಸಿದ್ದಳು. ಆಮೇಲೆ ಸ್ವಲ್ಪ ಕಾಲ ಮನೆ ಮುಚ್ಚಿತ್ತು. ಏಕೆ? ನದಿ ಉಕ್ಕಿತ್ತು ಎಂದಳು ಧನಮಾಯಾ. ಪಕ್ಕದಲ್ಲಿ ಬಿಸಿಲು ಕಾಯುತ್ತಿದ್ದ ಮುದುಕ, ನದಿಯಲ್ಲ, ಜಗಳ ಎಂದ. ಇಬ್ಬರಿಗೂ ಸ್ವಲ್ಪ ಹೊತ್ತು ವಾದ ನಡೆಯಿತು. ಮುಚ್ಚಿದ ಒಲೆಯನ್ನು ಮತ್ತೆ ಹೊತ್ತಿಸಿದವಳು ಧನಮಾಯಾ. ನಮ್ಮ ಹಾಗೆ ದಾರಿಯಲ್ಲಿ ಸಿಕ್ಕಿಕೊಂಡು, ಬೀಗವಿಲ್ಲದ ಮನೆಗೆ ನುಗ್ಗಿ, ಜೊತೆಯವರಿಗೆ ಬೇಯಿಸಿ ಹಾಕಿ, ಅಲ್ಲೇ ಉಳಿದುಬಿಟ್ಟೆ ಎಂದು ಅವಳು ಬೆಳಿಗ್ಗೆ ಹೇಳಿದ್ದು. ಸಂಜೆಯ ಹೊತ್ತಿಗೆ ಅವಳೇ, ಹಿಂದಿನ ಯಜಮಾನಿ ನನ್ನ ಚಿಕ್ಕಮ್ಮ ಎಂದಳು. ಎರಡನ್ನೂ ಮಂಜಣ್ಣ ಒಂದೇ ಮುಖದಲ್ಲಿ ಅನುವಾದಿಸಿದರು.

ಈ ಕಥೆಯಲ್ಲಿ ಗಂಡಸರ ಹೆಸರೇ ಬರಲಿಲ್ಲ. ಕೇಳಿದೆ. ಇದ್ದರು, ಹೇಸರಗತ್ತೆಗಳ ಜೊತೆ ಹೋಗಿ ಬರುತ್ತಿದ್ದರು ಎಂದಳು.

ಆಮೇಲೆ ಅವಳು ಮಂಗಳಳ ಕಡೆಗೆ ತಿರುಗಿ, ನಿನ್ನ ಮನೆಯದು ಹೇಳು ಎಂದಳು. ಹೋಟೆಲಿನ ಸಂಗತಿ ಮಂಜಣ್ಣ ಮೊದಲೇ ಹೇಳಿಬಿಟ್ಟಿದ್ದರು. ಮಂಗಳ ಬೆನ್ನು ನೆಟ್ಟಗೆ ಮಾಡಿಕೊಂಡು, ಮದುವೆ ಮಾತುಕತೆಯಲ್ಲಿ ಮನೆತನ ಹೇಳುವಂತೆ ಹೇಳಿದಳು. ಮೊದಲು ಅಪ್ಪಣ್ಣ, ಅವರ ಮಗ ಚನ್ನಬಸಪ್ಪ, ಅವರ ಮಗ ನಂಜುಂಡಪ್ಪ. ಈಗ ಗಲ್ಲಾದಲ್ಲಿ ಕೂರುವವರಿಲ್ಲ. ಆದ್ದರಿಂದ ಮುಚ್ಚಿದೆ.

ಧನಮಾಯಾ ಒಂದು ಪ್ರಶ್ನೆ ಕೇಳಿದಳು. ಮಂಜಣ್ಣ ಈ ಸಲ ಪೂರ್ತಿ ಅನುವಾದಿಸಿದರು. "ಅವ್ರೆಲ್ಲ ಕಾಸು ಇಸ್ಕೊಳ್ಳೋರಂತೆ, ಸರಿ. ಒಲೆ ಮುಂದೆ ಯಾರಿದ್ರು ಅಂತ ಕೇಳ್ತಾವ್ರೆ."

"ನಂಜುಂಡಪ್ಪನೋರ ಕಾಲ್ದಲ್ಲಿ ನಾನು. ಮಾವನೋರ ಕಾಲ್ದಲ್ಲಿ ನಮ್ಮತ್ತೆ, ಪುಟ್ಟೀರವ್ವ. ಅಪ್ಪಣ್ಣಯ್ಯನೋರ ಕಾಲ್ದಲ್ಲಿ..." ಮಂಗಳ ನಿಲ್ಲಿಸಿದಳು. "ಅಜ್ಜಿ."

ಹೆಸರು? ಎಂದಳು ಧನಮಾಯಾ.

ಮಂಗಳ ನನ್ನ ಮುಖ ನೋಡಿದಳು. ನನಗೆ ಹೇಗೆ ಗೊತ್ತಿರಬೇಕು? ಅವಳು ಹೆಚ್ಚುತ್ತಿದ್ದ ಸೇಬನ್ನು ಕೆಳಗಿಟ್ಟಳು. ಧನಮಾಯಾ ತನಗೆ ತನ್ನ ಮನೆಯ ಮೊದಲಿನವಳ ಹೆಸರು ಗೊತ್ತು ಎಂದು ಹೇಳಿದ್ದಳೇ? ಹೇಳಿದ್ದಳು, ಆದರೆ ಎರಡು ಸಲ ಎರಡು ಹೆಸರು ಹೇಳಿದ್ದಳು.

ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಮಾಳಿಗೆಯ ಸೌದೆಯ ಮೂಲೆಯಲ್ಲಿ ಮಾತ್ರ. ಮಂಗಳ ಅಲ್ಲಿಗೆ ಹೋಗಿ ನಿಂತು ಮಹೇಶನಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿಕೊಂಡು, ಗಾಳಿಗೆ ಇಬ್ಬರೂ ಕೂಗಾಡುತ್ತಿದ್ದದ್ದರಿಂದ ನಮಗೆಲ್ಲ ಕೇಳಿಸಿತು.

"ಮಹೇಶ, ನಿಮ್ಮಜ್ಜಿ ಹೆಸ್ರು ಏನು?"

"ಯಾವಜ್ಜಿ?"

"ಅಪ್ಪಣ್ಣಯ್ಯನೋರ ಮನೆಯೋರು."

"ದೊಡ್ಡವ್ವ ಅಂತಿದ್ರು. ಹೆಸ್ರು ಗೊತ್ತಿಲ್ಲ. ಯಾಕತ್ಗೆ? ಹುಷಾರಾಗಿದೀರಾ? ಅವ್ನು ಟೈರಂಗಡಿಯೋನು ಬೆಳಿಗ್ಗೆನೂ ಬಂದಿದ್ದ."

"ಅವ್ನಿಗೆ ಬ್ಯಾಡ ಅನ್ನು."

ಗಾಳಿ ಬೀಸಿತು. ಆ ಕಡೆಯಿಂದ ಮಹೇಶ ಬಹಳ ಹೊತ್ತು ಏನೋ ಹೇಳಿದ. ಕೊನೆಗೆ ಕೇಳಿಸಿದ್ದು, "ಗಲ್ಲಾದಲ್ಲಿ ಯಾರ್ ಕೂತ್ಕತಾರೆ ಅತ್ಗೆ?"

"ಗಲ್ಲಾ ಒಲೆ ಪಕ್ಕ ಆಕ್ತೀನಿ. ಆ ಗೋಡೆ ಕೆಡವ್ಸು."

"ಗೋಡೆನಾ?"

"ಕಿಂಡಿ ಗೋಡೆ. ನಾನ್ ಬರೋದ್ರೊಳ್ಗೆ ಇರ್ಬಾರ್ದು."

ಫೋನ್ ಕಟ್ಟಾಯಿತೋ, ಅವಳೇ ಕಟ್ ಮಾಡಿದಳೋ. ತಿರುಗಿ ಬಂದು ಕೂತು, ಅರ್ಧಕ್ಕೆ ಬಿಟ್ಟ ಸೇಬನ್ನು ಹೆಚ್ಚತೊಡಗಿದಳು. ಮಂಜಣ್ಣ ಇದನ್ನೆಲ್ಲ ಧನಮಾಯಾಳಿಗೆ ಅನುವಾದಿಸಿದರು. ನನ್ನ ಅಂದಾಜಿನಲ್ಲಿ, ಚೆನ್ನಾಗಿ ನಡೆಯುತ್ತದಂತೆ ಎಂದಿರಬೇಕು.

ಮುಕ್ತಿನಾಥ

ಮರುದಿನ ದಾರಿ ಬಿಟ್ಟಿತು. ಮುಕ್ತಿನಾಥದ ಬಗ್ಗೆ ಬರೆಯಬೇಕು, ಆದರೆ ನನಗೆ ನೆನಪಿರುವುದು ತಣ್ಣೀರು ಮಾತ್ರ. ಸಾಲಾಗಿ ಬೀಳುವ ನೀರಿನ ಬಾಯಿಗಳ ಕೆಳಗೆ ಓಡಬೇಕು. ಕಾಳೇಗೌಡರು ಅರ್ಧ ಓಡಿ ಹೊರಗೆ ಬಂದು, ಮಿಕ್ಕಿದ ಪುಣ್ಯ ಮುಂದಿನ ಸಲಕ್ಕೆ ಎಂದರು. ಮಂಗಳ ಪೂರ್ತಿ ಓಡಿದಳು. ಅಡಿಗೆ ಗಾಡಿ ಅಷ್ಟು ಹೊತ್ತಿಗೆ ಬಂದು ಸೇರಿತ್ತು. ಉಪ್ಪಿಟ್ಟು ಕೊಟ್ಟರು. ಎಲ್ಲರೂ ಆಸೆಯಿಂದ ತಿಂದೆವು. ನಮ್ಮ ಅಡಿಗೆಯವರು ಬಡಿಸಿ ಆಚೆ ತಿರುಗಿದಾಗ ಮಂಗಳ ಅವರನ್ನು ಕರೆದು, ನಿಲ್ಲಿ, ತಿನ್ನೋದು ನೋಡಿ ಎಂದಳು. ಅವರಿಗೆ ಏನೂ ಅರ್ಥವಾಗಲಿಲ್ಲ. ಉಪ್ಪು ಕಡಿಮೆಯಾಗಿದೆಯೇ ಎಂದು ಕೇಳಿದರು.

ಶಾಂತಿಗ್ರಾಮ

ಹೋಟೆಲು ತೆರೆದಿದೆ. ಗೋಡೆ ಹೋಗಿದೆ. ಮಹೇಶ ಅದನ್ನು ಅರ್ಧ ಕೆಡವಿಸಿ, ಅತ್ತಿಗೆ ಮನಸ್ಸು ಬದಲಾಯಿಸಿಯಾರೆಂದು ಕಾದಿದ್ದ. ಉಳಿದರ್ಧ ಅವಳೇ ನಿಂತು ಕೆಡವಿಸಿದಳು. ಬೆಳಿಗ್ಗೆ ಹಾಲಿನ ಡೈರಿಗೆ ಬರುವವರು, ಗೊರೂರಿನ ಕಡೆ ಹೋಗುವ ಕೂಲಿಯವರು, ಹಾಸನದ ಬಸ್ಸಿಗೆ ಕಾಯುವವರು ಬರುತ್ತಾರೆ. ಒಲೆಯ ಎದುರು ಕೂತು ಉಣ್ಣಲು ಕೆಲವರಿಗೆ ಮುಜುಗರ. ಆಯಮ್ಮ ಕಣ್ ಮಿಟುಕಿಸ್ದೆ ಬಾಯ್ನೇ ನೋಡ್ತದೆ ಎಂದು ಒಬ್ಬ ಲಾರಿಯವನು ದೂರಿದ. ಆದರೂ ಅವನು ಬರುತ್ತಾನೆ. ಸಂಜೆ ಮಹೇಶ ಕೆಲಸ ಮುಗಿಸಿ ಬಂದು ನೀರು ತುಂಬಿ ಕೊಡುತ್ತಾನೆ. ಹೋಟೆಲು ನಿಲ್ಲುತ್ತದೆ ಎಂದು ನನಗೆ ಅನ್ನಿಸುತ್ತಿದೆ. ನನ್ನ ಅನಿಸಿಕೆಯನ್ನು ನಾನು ಸಾಮಾನ್ಯವಾಗಿ ನಂಬುವುದಿಲ್ಲ, ಇದನ್ನು ನಂಬಲು ಇಷ್ಟಪಡುತ್ತೇನೆ.

ಬೋರ್ಡು ಬರೆಸುವಾಗ ಮಂಗಳ, ಈ ಒಲೆ ಮೊದಲು ಹಚ್ಚಿದವಳ ಹೆಸರು ಹಾಕಿಸಬೇಕೆಂದಳು. ನಾನೂ ಮಹೇಶನೂ ಊರಲ್ಲಿ ಕೇಳುತ್ತ ಹೋದೆವು. ಒಬ್ಬ ಅಜ್ಜ ನಂಜವ್ವ ಎಂದರು. ಅವರ ಹೆಂಡತಿ ಒಳಗಿನಿಂದಲೇ, ಅಲ್ಲ, ಗುರುಸಿದ್ದವ್ವ ಎಂದರು. ಕೆರೆಯ ಕಡೆ ಮನೆಯವರೊಬ್ಬರು, ಅಡಿಗೆ ಮಾಡುತ್ತಿದ್ದವಳು ಅಪ್ಪಣ್ಣನ ಹೆಂಡತಿಯೇ ಅಲ್ಲ, ಗಂಡ ಸತ್ತು ತವರಿಗೆ ಬಂದಿದ್ದ ಅಕ್ಕ, ಹೋಟ್ಲು ಹೂಡಿದ್ದೇ ಅವಳು, ತಮ್ಮನನ್ನು ಕರೆದು ಗಲ್ಲಾದಲ್ಲಿ ಕೂರಿಸಿದಳು ಎಂದರು. ಅವಳ ಹೆಸರು ಅವರಿಗೂ ಬರಲಿಲ್ಲ.

ಬೋರ್ಡಿನಲ್ಲಿ ಒಂದು ಸಾಲಿನಷ್ಟು ಜಾಗ ಖಾಲಿ ಬಿಟ್ಟು ಬರೆಸಿದ್ದೇವೆ. ಅವಳ ಹೆಸರು ಏನಿತ್ತೋ ನಮಗೆ ಗೊತ್ತಿಲ್ಲ.